ಬಾಡಿಗೆ ಸ್ಕೀಗೂ ಒಂದು ಟೈಮು

ಬೆಂಗಳೂರಿನಲ್ಲಿ ಕೂತು ಸ್ಕೀ ರೇಸಿನ ಮಾತೆತ್ತಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಖರ್ಚೆಷ್ಟು ಎಂದು ಕೇಳುತ್ತಾರೆ. ನಮ್ಮಮ್ಮ ಎರಡನ್ನೂ ಒಟ್ಟಿಗೇ ಮಾಡಿದಳು.

“ಅಷ್ಟು ದೂರ ಹೋಗಿ ಐಸ್ ಮೇಲೆ ಜಾರೋಕೆ ದುಡ್ಡು ಬೇರೆ ಕೊಡ್ಬೇಕಾ? ಗೆದ್ರೆ ಏನೇ ಕೊಡ್ತಾರೆ?”

“ಏನೂ ಕೊಡಲ್ಲಮ್ಮ. ಟೈಮ್ ಹೇಳ್ತಾರೆ.”

“ಟೈಮ್ ನಮ್ಮನೆ ಗೋಡೆ ಮೇಲೂ ಇದೆ.”

ಅವಳ ಮಾತಿನಲ್ಲಿ ತಪ್ಪೇನಿಲ್ಲ. ನಾನು ಯಲಹಂಕದವಳು. ಜಿಕೆವಿಕೆಯಲ್ಲಿ ರಾಗಿ ತಳಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಗುಲ್ಮಾರ್ಗ್‌ಗೆ ಹೋಗುವ ತನಕ ನಾನು ಕಂಡಿದ್ದ ಹಿಮವೆಂದರೆ ಶಾಲೆಯಲ್ಲಿದ್ದಾಗ ಜಯಮಹಲ್ ರಸ್ತೆಯ ಸ್ನೋ ಸಿಟಿಯಲ್ಲಿ, ಬಾಡಿಗೆ ಜಾಕೆಟ್ಟು ತೊಟ್ಟು, ಮುಕ್ಕಾಲು ಗಂಟೆ ನೋಡಿದ ಹಿಮ ಮಾತ್ರ. ಅಂಥವಳು ಎರಡು ವರ್ಷ ಉಳಿಸಿದ ಹಣದಲ್ಲಿ ಎರಡು ವಾರದ ಬುನಾದಿ ಸ್ಕೀ ತರಬೇತಿಗೆ ಹೋಗಿ ಬಂದೆ. ಅಲ್ಲಿ ಕೊನೆಯ ದಿನ ನಡೆದ ಒಂದು ಪುಟ್ಟ ಸಂಗತಿ ಒಂದು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಈ ಬರಹ ಅದರ ಬಗ್ಗೆ.

ಮೊದಲು ಖರ್ಚಿನ ಮಾತು ಮುಗಿಸುತ್ತೇನೆ. ರೇಸಿಗೆಂದೇ ಮಾಡಿದ ಒಂದು ಜೊತೆ ಒಳ್ಳೆಯ ಜೈಂಟ್ ಸ್ಲಾಲಮ್ ಸ್ಕೀ ಬೈಂಡಿಂಗ್ ಸಮೇತ ನಮ್ಮ ರೂಪಾಯಿಯಲ್ಲಿ ಒಂದು ಲಕ್ಷ ದಾಟುತ್ತದೆ. ಬೂಟು, ಹೆಲ್ಮೆಟ್ಟು, ಮೈಗೆ ಅಂಟುವ ಸೂಟು ಬೇರೆ. ಜೆಆರ್‌ಎಫ್ ಪಡೆಯುವ ಸಂಶೋಧನಾ ವಿದ್ಯಾರ್ಥಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಅದೂ ಸರಿಯಾದ ಸಮಯಕ್ಕೆ ಬಂದರೆ. ಬಾಡಿಗೆ, ಮೆಸ್ಸು, ಬಸ್ ಪಾಸು ಕಳೆದ ಮೇಲೆ ಉಳಿಯುವುದರಲ್ಲಿ ರೇಸ್ ಸ್ಕೀ ಕೊಳ್ಳುವುದು ನನ್ನ ಲೆಕ್ಕದ ಹೊರಗಿನ ಮಾತು. ಸಾಲ ಮಾಡಿ ಕೊಂಡರೂ ವರ್ಷದಲ್ಲಿ ಐವತ್ತು ವಾರ ಅದು ಮಂಚದ ಕೆಳಗೇ ಇರಬೇಕು. ಆದ್ದರಿಂದ ನಮ್ಮಂಥವರು ಸ್ಕೀ ಮಾಡುವುದೇನಿದ್ದರೂ ತರಬೇತಿ ಸಂಸ್ಥೆ ಕೊಟ್ಟ, ಇಲ್ಲವೇ ಅಂಗಡಿಯಿಂದ ದಿನದ ಬಾಡಿಗೆಗೆ ತಂದ ಸಾಮಾನ್ಯ ಸ್ಕೀ ಮೇಲೆ. ಅದಕ್ಕೇ ರೇಸು ಎಂದರೆ ನಮ್ಮದಲ್ಲದ್ದು, ಟೀವಿಯಲ್ಲಿ ನೋಡುವಂಥದ್ದು ಎಂದು ನಾವೇ ತೀರ್ಮಾನಿಸಿಬಿಟ್ಟಿರುತ್ತೇವೆ.

ನಮ್ಮ ತಂಡದಲ್ಲಿ ಹಾಸನದ ಕಡೆಯ ಒಬ್ಬ ಮೇಷ್ಟ್ರಿದ್ದರು. ವಯಸ್ಸು ಐವತ್ತೆರಡು. ಮೊದಲ ವಾರವೆಲ್ಲ ಬಿದ್ದಾಗಲೊಮ್ಮೆ ಎದ್ದು ಹಿಮ ಕೊಡವಿಕೊಂಡು ಅವರು ಹೇಳುತ್ತಿದ್ದುದು ಒಂದೇ ಮಾತು: “ನಾವೇನು ರೇಸಿಗೆ ಬಂದಿಲ್ಲ, ಬಿಡಿ.” ಆ ಮಾತಿನಲ್ಲಿ ವಿನಯವೂ ಇತ್ತು, ರಕ್ಷಣೆಯೂ ಇತ್ತು. ರೇಸಿಗೆ ಬರದವನು ಸೋಲುವ ಹಾಗಿಲ್ಲವಲ್ಲ.

ಕೊನೆಯ ದಿನ ಬೆಳಿಗ್ಗೆ ಉಸ್ತಾದರು ಕಂಕುಳಲ್ಲಿ ಬಿದಿರು ಕೋಲುಗಳ ಕಟ್ಟು ಹಿಡಿದು ಬಂದರು. ಇಳಿಜಾರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹನ್ನೆರಡು ಕೋಲು ನೆಟ್ಟರು. ಕೆಳಗೆ ಎರಡು ಕೋಲಿನ ನಡುವೆ ಹಿಮದ ಮೇಲೆ ಬಣ್ಣದ ಗೆರೆ ಎಳೆದರು, ಅದೇ ಗುರಿ. ಮೇಲೆ ಒಬ್ಬ ಕೆಂಪು ಶಾಲು ಕೆಳಗಿಳಿಸಿದಾಗ ಕೆಳಗೆ ಇನ್ನೊಬ್ಬ ಫೋನಿನ ಸ್ಟಾಪ್‌ವಾಚ್ ಒತ್ತಬೇಕು. ಇಷ್ಟೇ ಏರ್ಪಾಡು. ದಾರಿ ತೋರಿಸಲು ಮೊದಲು ಉಸ್ತಾದರೇ ಇಳಿದರು. ಅವರದ್ದೂ ನಮ್ಮಂಥದ್ದೇ, ಅಂಚು ಸವೆದ ಸಂಸ್ಥೆಯ ಸ್ಕೀ.

ಅವರು ಇಳಿಯುವಾಗ ನಾನು ನನ್ನ ಫೋನಿನಲ್ಲಿ ಟೈಮ್ ನೋಡಿಕೊಂಡೆ. ಯಾರೂ ಹೇಳಿರಲಿಲ್ಲ, ಕಸುಬಿನ ಚಾಳಿ. 24 ಸೆಕೆಂಡು. ನನ್ನ ಸರದಿ ಬಂದಾಗ ನಾನು 41 ಸೆಕೆಂಡಿಗೆ ಇಳಿದೆ. ಮೇಷ್ಟ್ರು ಕೊನೆಯಿಂದ ಎರಡನೆಯವರು, 58. ಗೆರೆ ದಾಟಿ ನಿಲ್ಲಲಾಗದೆ ಕೂತುಬಿಟ್ಟರು. ಕೂತಲ್ಲಿಂದಲೇ ಕೇಳಿದರು: “ನಂದೆಷ್ಟು ಬಂತು?”

ಹೇಳಿದೆ. ಕನ್ನಡಕ ಒರೆಸಿಕೊಂಡು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಮೇಲೆ ನೋಡಿ, ತಮ್ಮ ಹಾಸನದ ಹಿಂದಿಯಲ್ಲಿ, “ಉಸ್ತಾದ್‌ಜೀ, ಏಕ್ ಬಾರ್ ಔರ್?” ಎಂದರು.

ಎರಡು ವಾರದಲ್ಲಿ ಅವರು ಇನ್ನೊಂದು ಸಲ ಎಂದು ಕೇಳಿದ್ದು ಅದೇ ಮೊದಲು.

ಎರಡನೇ ಸುತ್ತಿಗೆ ಬಿಸಿಲು ಏರಿ ಹಿಮ ಮೆತ್ತಗಾಗಿತ್ತು, ಕೋಲುಗಳ ಸುತ್ತ ಗುಂಡಿ ಬಿದ್ದಿತ್ತು. ಉಸ್ತಾದರು ಮತ್ತೆ ಮುಂದೆ ಇಳಿದರು: 25 ಸೆಕೆಂಡು. ನಾನು 37.5. ಮೇಷ್ಟ್ರು 52. ನೋಡುವವರಿಗೆ ನನ್ನದು ಮೂರೂವರೆ ಸೆಕೆಂಡು, ಅವರದು ಆರು ಸೆಕೆಂಡು ಕಡಿಮೆಯಾಯಿತು ಅಷ್ಟೆ. ಆದರೆ ಅದೇ ಇಳಿಜಾರಿನಲ್ಲಿ ಉಸ್ತಾದರಿಗೇ ಒಂದು ಸೆಕೆಂಡು ಹೆಚ್ಚು ಹಿಡಿದಿತ್ತು. ಅವರನ್ನು ಅಳತೆಗೋಲು ಮಾಡಿಕೊಂಡು ನೋಡಿದರೆ ಮೊದಲ ಸುತ್ತಿನಲ್ಲಿ ನಾನು ಅವರಿಗಿಂತ ಶೇ. 71 ಹಿಂದಿದ್ದೆ, ಎರಡನೆಯದರಲ್ಲಿ ಶೇ. 50. ಮೇಷ್ಟ್ರು ಶೇ. 142ರಿಂದ 108ಕ್ಕೆ ಬಂದಿದ್ದರು. ಈ ಲೆಕ್ಕ ಹೇಳಿದಾಗ, “ಅಂದ್ರೆ ನಾನು ನಿಮಗಿಂತ ಜಾಸ್ತಿ ಸುಧಾರಿಸಿದೆ ಅಂತಾಯ್ತು” ಎಂದರು. ನಿಜ, ಅಲ್ಲಗಳೆಯುವ ಹಾಗಿರಲಿಲ್ಲ.

ಊರಿಗೆ ಬಂದ ಮೇಲೆ ಈ ಆಟವನ್ನು ಬಲ್ಲವರು ಹೇಗೆ ಆಡುತ್ತಾರೆಂದು ಓದತೊಡಗಿದೆ. ಮೊದಲು ತಿಳಿದದ್ದು ನನಗೆ ಸಮಾಧಾನ ತಂದಿತು: ರೇಸ್ ಸ್ಕೀ ನನ್ನ ಕೈಗೆ ಕೊಟ್ಟಿದ್ದರೂ ನನಗೆ ಅದರಿಂದ ಪ್ರಯೋಜನವಿರಲಿಲ್ಲ.

ಸ್ಕೀಯನ್ನು ಮೇಲಿನಿಂದ ನೋಡಿದರೆ ಮುಂದೆ ಅಗಲ, ನಡುವೆ ಸಣ್ಣ, ಹಿಂದೆ ಮತ್ತೆ ಅಗಲ. ಅಂಚಿನ ಈ ಒಳಬಾಗನ್ನು ಒಂದು ದೊಡ್ಡ ವೃತ್ತದ ತುಂಡು ಎಂದುಕೊಂಡರೆ, ಆ ವೃತ್ತದ ತ್ರಿಜ್ಯವೇ ಸ್ಕೀಯ ತಿರುವಿನ ಅಳತೆ. ಸ್ಕೀಯನ್ನು ಅಂಚಿನ ಮೇಲೆ ವಾಲಿಸಿ ಭಾರ ಹಾಕಿದಾಗ ಅದು ಬಾಗಿ ಹಿಮದಲ್ಲಿ ಕಮಾನು ಕೊರೆಯುತ್ತದೆ. ಹೆಚ್ಚು ವಾಲಿಸಿದಷ್ಟೂ ತಿರುವು ಚಿಕ್ಕದು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮದಂತೆ ವಿಶ್ವಕಪ್ ಮಟ್ಟದ ಜೈಂಟ್ ಸ್ಲಾಲಮ್‌ನಲ್ಲಿ ಗಂಡಸರ ಸ್ಕೀ ಕನಿಷ್ಠ 193 ಸೆಂಟಿಮೀಟರ್, ಹೆಂಗಸರದು 188 ಸೆಂಟಿಮೀಟರ್ ಉದ್ದವಿರಬೇಕು, ತ್ರಿಜ್ಯ 30 ಮೀಟರಿಗೆ ಕಡಿಮೆ ಇರಬಾರದು. ನಮಗೆ ಕೊಡುವ ಬಾಡಿಗೆ ಸ್ಕೀ ಒಂದೂವರೆ ಮೀಟರಿನ ಆಸುಪಾಸು. ಅದರ ತ್ರಿಜ್ಯ 12ರಿಂದ 16 ಮೀಟರ್.

30 ಮೀಟರಿನ ಸ್ಕೀಯನ್ನು ತಿರುಗಿಸಲು ಭಾರೀ ವೇಗ ಬೇಕು, ವರ್ಷಗಟ್ಟಲೆ ಗಟ್ಟಿ ಮಾಡಿದ ತೊಡೆ ಬೇಕು. ನನ್ನ ವೇಗದಲ್ಲಿ ಅದು ಬಾಗುವುದೇ ಇಲ್ಲ, ನೇರ ಹೋಗಿ ದೇವದಾರು ಮರಕ್ಕೆ ನಮಸ್ಕಾರ ಹಾಕಿಸುತ್ತದೆ. ಬಾಡಿಗೆ ಸ್ಕೀ ಹಾಗಲ್ಲ, ನಿಧಾನದಲ್ಲೂ ಮಾತು ಕೇಳುತ್ತದೆ. ಅದನ್ನು ತೊಟ್ಟವರು ರೇಸಿನಲ್ಲಿ ಒದ್ದಾಡುವುದು ಯಾಕೆಂದರೆ, ಗೇಟುಗಳನ್ನು 30 ಮೀಟರಿನ ಸ್ಕೀಗೆಂದು ನೆಟ್ಟಿರುತ್ತಾರೆ. ದೊಡ್ಡ ರೇಸುಗಳಲ್ಲಿ ಇಳಿಜಾರಿಗೆ ನೀರು ಊಡಿಸಿ ಗಾಜಿನಂತೆ ಗಟ್ಟಿ ಮಾಡಿರುತ್ತಾರೆ. ಸವೆದ ಅಂಚಿಗೆ ಅಲ್ಲಿ ಹಿಡಿತವೇ ಸಿಗದು. ಅದೇ ಗೇಟುಗಳನ್ನು ಸಮಾಧಾನದ ಇಳಿಜಾರಿನಲ್ಲಿ, ಒತ್ತಿ ಹದ ಮಾಡಿದ ಮೆತ್ತನೆಯ ಹಿಮದಲ್ಲಿ, ಪುಟ್ಟ ತಿರುವಿಗೆ ಹೊಂದುವಷ್ಟು ಹತ್ತಿರ ನೆಟ್ಟರೆ ಬಾಡಿಗೆ ಸ್ಕೀಯೇ ಸರಿಯಾದ ಸ್ಕೀ. ನಮ್ಮ ಉಸ್ತಾದರು ಪುಸ್ತಕ ಓದದೆ ಮಾಡಿದ್ದು ಇದನ್ನೇ. ಜನರ ಕಾಲಲ್ಲಿ ಏನಿದೆ ಎಂದು ನೋಡಿ ಕೋಲು ನೆಟ್ಟಿದ್ದರು.

ಎರಡನೆಯ ಪ್ರಶ್ನೆ ಅಳತೆಯದ್ದು. ಗುಲ್ಮಾರ್ಗ್‌ನಲ್ಲಿ 41 ಸೆಕೆಂಡು ಎಂದರೆ ಏನು? ಔಲಿಯಲ್ಲಿ, ಸೋಲಂಗ್‌ನಲ್ಲಿ ಬೇರೆ ಇಳಿಜಾರು, ಬೇರೆ ಹಿಮ. ಅದೇ ಗುಲ್ಮಾರ್ಗ್‌ನಲ್ಲೇ ಬೆಳಿಗ್ಗೆಯ ಹಿಮ ಮಧ್ಯಾಹ್ನಕ್ಕಿಲ್ಲ. ಓಟದ 100 ಮೀಟರಿನಂತೆ ಇಲ್ಲಿ ಸೆಕೆಂಡನ್ನು ಊರಿಂದೂರಿಗೆ ಒಯ್ಯಲು ಬರುವುದಿಲ್ಲ. ಹಾಗಾದರೆ ಒಂದು ಕಡೆ ಇಳಿದವರನ್ನು ಇನ್ನೊಂದು ಕಡೆ ಇಳಿದವರ ಜೊತೆ ಹೋಲಿಸುವುದು ಹೇಗೆ?

ಈ ಪ್ರಶ್ನೆಯನ್ನು ಜಿಕೆವಿಕೆಯ ಹೊಲದಲ್ಲಿ ನಾವು ದಿನವೂ ಕೇಳಿಕೊಳ್ಳುತ್ತೇವೆ. ಹೊಸ ರಾಗಿ ತಳಿಯೊಂದು ಹೆಕ್ಟೇರಿಗೆ 30 ಕ್ವಿಂಟಾಲ್ ಕೊಟ್ಟಿತು ಎಂದಿಟ್ಟುಕೊಳ್ಳಿ. ಅಷ್ಟರಿಂದಲೇ ಏನೂ ತಿಳಿಯುವುದಿಲ್ಲ. ಆ ವರ್ಷ ಮಳೆ ಚೆನ್ನಾಗಿತ್ತೇನೋ, ಆ ಮಣ್ಣು ಚೆನ್ನಾಗಿತ್ತೇನೋ. ಅದಕ್ಕೇ ಪ್ರತಿ ಪ್ರಯೋಗದಲ್ಲೂ ಹೊಸ ತಳಿಗಳ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಅದೇ ದಿನ ಒಂದು ಹಳೆಯ ಪರಿಚಿತ ತಳಿಯನ್ನೂ ಬಿತ್ತುತ್ತೇವೆ. ಅದಕ್ಕೆ ನಮ್ಮಲ್ಲಿ ‘ಚೆಕ್’ ಎನ್ನುತ್ತಾರೆ. ರಾಗಿಯಲ್ಲಿ ಅನೇಕ ಸಲ ಅದು ನಮ್ಮ ಜಿಪಿಯು-28. ಚೆಕ್ 25 ಕ್ವಿಂಟಾಲ್ ಕೊಟ್ಟಿದ್ದರೆ ಹೊಸದು ಶೇ. 20 ಮುಂದೆ. ಇನ್ನೊಂದು ಊರಿನಲ್ಲಿ ಬರ ಬಿದ್ದು ಚೆಕ್ 10ಕ್ಕೆ ಇಳಿದು ಹೊಸದು 12 ಕೊಟ್ಟರೂ ಅದೇ ಶೇ. 20. ಈಗ ಎರಡು ಊರಿನ ಮಾತನ್ನು ಒಂದೇ ಭಾಷೆಯಲ್ಲಿ ಆಡಬಹುದು.

ಅಮೆರಿಕದಲ್ಲಿ ಇದೇ ಉಪಾಯವನ್ನು ಹಿಮಕ್ಕೆ ತಂದವರು ಜಾನ್ ಫ್ರೈ. ‘ಸ್ಕೀ’ ಎಂಬ ಪತ್ರಿಕೆಯ ಸಂಪಾದಕರಾಗಿದ್ದವರು. 1968ರಲ್ಲಿ ಅವರು ಶುರು ಮಾಡಿದ ಸ್ಪರ್ಧೆಗೆ ನಾಸ್ಟಾರ್ ಎಂದು ಹೆಸರು, ನ್ಯಾಷನಲ್ ಸ್ಟ್ಯಾಂಡರ್ಡ್ ರೇಸ್ ಎಂಬುದರ ಕಿರುರೂಪ. ಗಾಲ್ಫ್ ಆಡುವ ಸಾಮಾನ್ಯರಿಗೆ ಹ್ಯಾಂಡಿಕ್ಯಾಪ್ ಎಂಬ ಲೆಕ್ಕವಿದೆ, ಬೇರೆ ಬೇರೆ ಮಟ್ಟದವರು ಒಂದೇ ಮೈದಾನದಲ್ಲಿ ಸೆಣಸಬಹುದು. ಸ್ಕೀಗೂ ಅಂಥದ್ದು ಯಾಕಿರಬಾರದು ಎಂಬುದು ಅವರ ಯೋಚನೆ. ಗುಲ್ಮಾರ್ಗ್‌ನಲ್ಲಿ ಹೊಸಬರು ಸ್ಕೀ ಕಲಿಯುವುದು ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾಗಿರುವ ಹುಲ್ಲುಗಾವಲಿನ ಆಸುಪಾಸಿನಲ್ಲೇ ಎಂಬುದು ನೆನಪಾಗಿ ನನಗೆ ನಗು ಬಂತು.

ನಾಸ್ಟಾರ್‌ನ ಲೆಕ್ಕ ಸರಳ. ಪ್ರತಿ ಇಳಿಜಾರಿನಲ್ಲೂ ಒಬ್ಬ ‘ಪೇಸ್‌ಸೆಟರ್’ ಇರುತ್ತಾರೆ. ದೇಶದ ಅತಿ ವೇಗದ ಸ್ಕೀಗಾರರಿಗಿಂತ ಅವರು ಶೇಕಡಾ ಎಷ್ಟು ಹಿಂದೆ ಎಂಬುದನ್ನು ಸೀಸನ್ನಿಗೆ ಮುಂಚೆಯೇ ಅಳೆದಿರುತ್ತಾರೆ. ಆ ದಿನ ಆ ಗೇಟುಗಳಲ್ಲಿ ಮೊದಲು ಅವರು ಇಳಿಯುತ್ತಾರೆ. ಶೇ. 5 ಹಿಂದಿರುವ ಪೇಸ್‌ಸೆಟರ್ 21 ಸೆಕೆಂಡು ತೆಗೆದುಕೊಂಡರೆ, ಆ ಅತಿ ವೇಗದವರು 20 ಸೆಕೆಂಡಿಗೆ ಇಳಿಯುತ್ತಿದ್ದರು ಎಂದು ಲೆಕ್ಕ. ನೀವು 27 ಸೆಕೆಂಡಿಗೆ ಇಳಿದಿರಾ? ನಿಮ್ಮ ಅಂಕ 35. ಆ ಅಂಕವನ್ನು ವಯಸ್ಸು, ಲಿಂಗದ ಗುಂಪಿನ ಪ್ರಕಾರ ನೋಡಿ ಚಿನ್ನ, ಬೆಳ್ಳಿ, ಕಂಚು ಕೊಡುತ್ತಾರೆ. ಕಾಲಲ್ಲಿ ಯಾವ ಸ್ಕೀ ಇದೆ ಎಂದು ಯಾರೂ ಕೇಳುವುದಿಲ್ಲ. ಓದುತ್ತಾ ಓದುತ್ತಾ ನನಗೆ ಅನಿಸಿದ್ದು, ಆ ಪೇಸ್‌ಸೆಟರ್ ಹಿಮದ ಮೇಲಿನ ಜಿಪಿಯು-28 ಎಂದು.

ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಪಕ್ಕದ ಕೋಣೆಯ ಗೆಳತಿ ತಕರಾರು ತೆಗೆದಳು. ಅವಳು ಮೂಡಬಿದಿರೆ ಕಡೆಯವಳು, ಕಂಬಳದ ಸೀಸನ್ನಿನಲ್ಲಿ ರಜೆ ಹಾಕಿ ಊರಿಗೆ ಹೋಗುವವಳು.

“ಅದೆಂಥ ಲೆಕ್ಕ ಮಾರಾಯ್ತಿ? ಒಬ್ಬಳು ಒಂದು ಲಕ್ಷದ ಸ್ಕೀ ಹಾಕಿ ಬರ್ತಾಳೆ, ನೀನು ಅಂಚು ಹೋದದ್ದು ಹಾಕಿ ಬರ್ತಿ. ಪರ್ಸೆಂಟ್ ಹಾಕಿದ ಕೂಡ್ಲೆ ಸರಿ ಆಯ್ತಾ? ನಮ್ಮಲ್ಲಿ ನೇಗಿಲು ಕಿರಿಯದ ಕೋಣವನ್ನು ಹಗ್ಗ ಹಿರಿಯದ ಕೋಣದ ಜೊತೆ ಓಡಿಸುವುದುಂಟಾ?”

ಅವಳು ಹೇಳಿದ್ದು ಸರಿ. ಕಂಬಳವನ್ನು ಎಷ್ಟೋ ಸಲ ನೋಡಿದ್ದರೂ ನಾನು ಈ ಕಣ್ಣಿನಿಂದ ನೋಡಿರಲಿಲ್ಲ. ಅಲ್ಲಿ ಕೋಣಗಳಿಗೆ ಏನು ಕಟ್ಟಿದ್ದಾರೆ ಎಂಬುದರ ಮೇಲೆ ವಿಭಾಗ: ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ. ಹಗ್ಗದಲ್ಲಿ, ನೇಗಿಲಿನಲ್ಲಿ ಮತ್ತೆ ಹಿರಿಯ, ಕಿರಿಯ. ಕನೆಹಲಗೆಯಲ್ಲಂತೂ ವೇಗದ ಮಾತೇ ಇಲ್ಲ. ನೀರು ಎಷ್ಟು ಕೋಲು ಎತ್ತರಕ್ಕೆ ಚಿಮ್ಮಿತು ಎಂಬುದೇ ಲೆಕ್ಕ. ಹೊಸದಾಗಿ ಕೋಣ ಕಟ್ಟಿದ ಮನೆಯೂ ಅದೇ ಕರೆಗೆ ಇಳಿಯುತ್ತದೆ, ಅದೇ ಜನರೆದುರು ಓಡಿಸುತ್ತದೆ, ಅದರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರೆ. ಕಿರಿಯದಲ್ಲಿ ಗೆದ್ದದ್ದು ಸುಳ್ಳು ಗೆಲುವು ಎಂದು ಕರಾವಳಿಯಲ್ಲಿ ಯಾರ ಮುಂದಾದರೂ ಹೇಳಿ ನೋಡಿ!

ಅವಳ ತಕರಾರಿನಿಂದ ನನ್ನ ಲೆಕ್ಕಕ್ಕೆ ಇನ್ನೊಂದು ಕಾಲಮ್ಮು ಸೇರಿತು. ಸಂಸ್ಥೆಯ, ಬಾಡಿಗೆಯ ಸ್ಕೀಗೆ ಒಂದು ವಿಭಾಗ, ಸ್ವಂತದ ರೇಸ್ ಸ್ಕೀಗೆ ಇನ್ನೊಂದು. ಬಾಡಿಗೆ ಸ್ಕೀಗಳಲ್ಲೂ ಹೆಚ್ಚುಕಡಿಮೆ ಇರುತ್ತದೆ, ನಿಜ. ಅದಕ್ಕೂ ಹೊಲದಲ್ಲಿ ಮದ್ದಿದೆ. ಒಂದು ತಳಿಯನ್ನು ಒಂದೇ ತಾಕಿನಲ್ಲಿ ಬಿತ್ತಿ ತೀರ್ಪು ಕೊಡುವುದಿಲ್ಲ, ಹಲವು ತಾಕುಗಳಲ್ಲಿ, ಚೀಟಿ ಎತ್ತಿದ ಹಾಗೆ ಜಾಗ ಬದಲಿಸಿ ಬಿತ್ತುತ್ತೇವೆ. ಇಲ್ಲೂ ಎರಡು ಸುತ್ತು ಇಡಬೇಕು. ಮೊದಲ ಸುತ್ತಿನಲ್ಲಿ ಮುಂದೆ ಇಳಿದವರು ಎರಡನೆಯದರಲ್ಲಿ ಹಿಂದೆ ಇಳಿಯಬೇಕು, ಗುಂಡಿ ಬಿದ್ದ ಹಿಮದ ಕಷ್ಟ ಎಲ್ಲರಿಗೂ ಹಂಚಿಹೋಗಲಿ. ಒಂದೇ ಅಳತೆಯ ಬೂಟಿನವರು ನಡುವೆ ಸ್ಕೀ ಅದಲುಬದಲು ಮಾಡಿಕೊಳ್ಳಲಿ. ಆದರೆ ಬೈಂಡಿಂಗನ್ನು ಉಸ್ತಾದರೇ ಪ್ರತಿಯೊಬ್ಬರ ತೂಕಕ್ಕೆ ಮತ್ತೆ ಹೊಂದಿಸಬೇಕು. ಬಿದ್ದಾಗ ಬೂಟು ಕಳಚಿಕೊಳ್ಳದಿದ್ದರೆ ಮಂಡಿಗೆ ಪೆಟ್ಟು. ಹೆಲ್ಮೆಟ್ಟಿನ ವಿಷಯದಲ್ಲಿ ರಾಜಿಯಿಲ್ಲ.

ಇಷ್ಟಾದರೆ ಬಾಡಿಗೆ ಸ್ಕೀಯಿಂದ ಒಲಿಂಪಿಕ್ಸ್‌ಗೆ ಹೋಗಬಹುದೇ? ಇಲ್ಲ. ಆ ಆಸೆಯನ್ನು ಯಾರಿಗೂ ಹುಟ್ಟಿಸುವುದಿಲ್ಲ. ಆರಿಫ್ ಖಾನ್ ಗುಲ್ಮಾರ್ಗ್ ಕೆಳಗಿನ ತಂಗ್‌ಮಾರ್ಗ್‌ನವರು. ಅವರ ತಂದೆಯದು ಗುಲ್ಮಾರ್ಗ್‌ನಲ್ಲಿ ಸ್ಕೀ ಸಾಮಾನಿನ ಅಂಗಡಿ. ಸ್ಕೀ ಅಂಗಡಿಯ ಮನೆಯಲ್ಲಿ ಹುಟ್ಟಿದವರಿಗೂ ಹಣ ಸಾಲದೆ 2018ರ ಒಲಿಂಪಿಕ್ಸ್ ಕೈತಪ್ಪಿತು. 2022ರಲ್ಲಿ ಬೀಜಿಂಗ್‌ಗೆ ಭಾರತದಿಂದ ಹೋದವರು ಅವರೊಬ್ಬರೇ. ದಟ್ಟವಾಗಿ ಹಿಮ ಸುರಿಯುತ್ತಿದ್ದ ದಿನ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾಗಿ ಗುರಿ ಮುಟ್ಟಿದರು. ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೊ ಓಡರ್‌ಮಾಟ್ ಎರಡು ಸುತ್ತು ಸೇರಿ 2 ನಿಮಿಷ 9.35 ಸೆಕೆಂಡು, ಆರಿಫ್ 2 ನಿಮಿಷ 47.24 ಸೆಕೆಂಡು. ಸೆಕೆಂಡಿನಲ್ಲಿ ಹೇಳಿದರೆ 38ರಷ್ಟು ಅಂತರ. ನಮ್ಮ ಪತ್ರಿಕೆಗಳಲ್ಲಿ ಅದು ಒಂದು ಸಾಲಿನ ಸುದ್ದಿ. ಚೆಕ್ ಇಟ್ಟು ನೋಡಿದರೆ ಶೇ. 29. ಜಗತ್ತಿನ ಅತಿ ವೇಗದವನಿಗಿಂತ ಶೇ. 29 ಹಿಂದೆ! ನಾನು ನನ್ನ ಉಸ್ತಾದರಿಗಿಂತಲೇ ಶೇ. 50 ಹಿಂದೆ, ಉಸ್ತಾದರು ಓಡರ್‌ಮಾಟ್‌ಗಿಂತ ಎಷ್ಟು ಹಿಂದೋ. ಆ 29 ಎಷ್ಟು ದೊಡ್ಡ ಸಾಧನೆ ಎಂದು ನನಗೆ ಗೊತ್ತಾದದ್ದು ನನ್ನದೂ ಒಂದು ಅಂಕವಿದ್ದುದರಿಂದ. ಬಿದಿರು ಕೋಲುಗಳ ನಡುವೆ ಇಳಿಯದಿದ್ದರೆ ನಾನೂ ಆ ಒಂದು ಸಾಲು ಓದಿ, ಪಾಪ, 45ನೆಯ ಸ್ಥಾನ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ.

ಟೈಮು ಇದ್ದವನಿಗೆ ಪರರ ಟೈಮು ಅರ್ಥವಾಗುತ್ತದೆ. ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಗೆದ್ದ ಕಂಚಾಗಲಿ, ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಮಾಡಿರುವ ಸಾಧನೆಯಾಗಲಿ, ಸ್ವತಃ ಇಳಿದವರ ಕಣ್ಣಿಗೆ ಬೇರೆ ರೀತಿ ಕಾಣುತ್ತದೆ. ಒಂದು ಆಟಕ್ಕೆ ಒಳ್ಳೆಯ ಪ್ರೇಕ್ಷಕರು ಹುಟ್ಟುವುದೂ ಅದನ್ನು ಕೆಟ್ಟದಾಗಿಯಾದರೂ ಆಡಿದವರ ನಡುವೆಯೇ. ಗಲ್ಲಿ ಕ್ರಿಕೆಟ್ಟು ಇಲ್ಲದಿದ್ದರೆ ಚಿನ್ನಸ್ವಾಮಿ ಸ್ಟೇಡಿಯಂ ತುಂಬುತ್ತಿತ್ತೇ? ಮೂರು ಕೋಲಿನ ಬದಲು ಕಸದ ಡಬ್ಬಿ ಇಟ್ಟರೂ ಅಲ್ಲಿ ಔಟು ಔಟೇ, ರನ್ನು ರನ್ನೇ.

ಸಂಶೋಧನೆ ಮಾಡುವವರಿಗೆ ಇದರಲ್ಲಿ ಇನ್ನೊಂದು ಎಳೆಯೂ ಕಾಣಬಹುದು. ದೊಡ್ಡ ದೇಶದ ಲ್ಯಾಬಿನವರು ಮೂರು ತಿಂಗಳಲ್ಲಿ ಮುಗಿಸುವುದನ್ನು ನಾವು ಸರದಿಯಲ್ಲಿ ಸಿಗುವ ಒಂದೇ ಯಂತ್ರದಲ್ಲಿ ಎರಡು ವರ್ಷ ಮಾಡುತ್ತೇವೆ. ಸಲಕರಣೆ ಬರಲಿ, ಆಮೇಲೆ ನಮ್ಮದನ್ನು ಅಳೆಯೋಣ ಎಂದು ಕಾದರೆ ಕಾಯುವುದೇ ಆಗುತ್ತದೆ. ಸಂಶೋಧನಾ ಕೇಂದ್ರದ ಗೊಬ್ಬರ, ನೀರಾವರಿಯ ತಾಕಿನಲ್ಲಿ ಬೆಳೆದ ರಾಗಿಯೊಂದೇ ರಾಗಿಯಲ್ಲ. ದೊಡ್ಡಬಳ್ಳಾಪುರದ ರೈತನ ಖುಷ್ಕಿ ಹೊಲದಲ್ಲೂ ಪ್ರಯೋಗ ಮಾಡುತ್ತೇವೆ. ಅಲ್ಲಿ ಇಳುವರಿ ಕಡಿಮೆ ಬರುತ್ತದೆ. ಆದರೂ ಪಕ್ಕದಲ್ಲಿ ಚೆಕ್ ಇರುತ್ತದೆ, ಅಂಕಿ ಬರೆದುಕೊಳ್ಳುತ್ತೇವೆ, ಕೊನೆಗೆ ತಳಿ ನಿಲ್ಲುವುದೂ ಬೀಳುವುದೂ ಆ ಅಂಕಿಯ ಮೇಲೆ.

ಬರುವ ಜನವರಿಗೆ ನಾವು ಆರು ಜನ ಹೊರಡುವವರಿದ್ದೇವೆ. ಜಿಕೆವಿಕೆಯಿಂದ ಮೂವರು, ಹೆಬ್ಬಾಳದ ಒಬ್ಬ ಬ್ಯಾಂಕ್ ಉದ್ಯೋಗಿ, ಆರ್.ಟಿ. ನಗರದ ಅಕ್ಕ-ತಮ್ಮ. ಯಾರ ಬಳಿಯೂ ಸ್ವಂತ ಸ್ಕೀ ಇಲ್ಲ. ಮೂಡಬಿದಿರೆಯ ಗೆಳತಿ ಯಶವಂತಪುರದಲ್ಲಿ ರೈಲು ಹತ್ತಿಸಲು ಬರುತ್ತಾಳಂತೆ, ಕಂಬಳ ಬಿಟ್ಟು ಹಿಮಕ್ಕೆ ಬರಲಾರಳಂತೆ. ಬಿದಿರು ಕೋಲು ಅಲ್ಲೇ ಸಿಗುತ್ತದೆ. ಫೋನಿನ ಸ್ಟಾಪ್‌ವಾಚ್ ಒತ್ತುವುದರಲ್ಲಿ ಅರ್ಧ ಸೆಕೆಂಡು ಆಚೀಚೆ ಆದರೂ ನಮ್ಮ ಮಟ್ಟದಲ್ಲಿ ಶೇ. 2 ವ್ಯತ್ಯಾಸ, ನಡೆಯುತ್ತದೆ. ಉಸ್ತಾದರಿಗೆ ಫೋನ್ ಮಾಡಿ, ಪ್ರತಿ ಹತ್ತು ಜನರಿಗೊಮ್ಮೆ ನೀವೂ ಇಳಿಯಬೇಕು ಎಂದೆ. ಯಾಕೆ ಎಂದರು. ನೀವೇ ನಮ್ಮ ಅಳತೆಗೋಲು ಎಂದೆ. ನಕ್ಕು, ಹಾಗಾದರೆ ನಾನು ಬೀಳುವ ಹಾಗಿಲ್ಲ ಅನ್ನಿ ಎಂದರು.

ಎಕ್ಸೆಲ್ ಹಾಳೆ ಸಿದ್ಧವಿದೆ. ಹೆಸರು, ವಯಸ್ಸು, ಸ್ಕೀ ಉದ್ದ, ಮೊದಲ ಸುತ್ತು, ಎರಡನೇ ಸುತ್ತು, ಉಸ್ತಾದರ ಟೈಮು, ಶೇಕಡಾ. ಹಾಸನದ ಮೇಷ್ಟ್ರು ಈ ಸಲವೂ ಬರುತ್ತಿದ್ದಾರೆ. ಹೋದ ವಾರ ಫೋನಿನಲ್ಲಿ ಅವರು ಕುಶಲ ವಿಚಾರಿಸುವುದಕ್ಕೂ ಮುಂಚೆ ಕೇಳಿದ್ದು, “ಹೋದ್ಸಲದ ನನ್ನ 108 ಬರ್ಕೊಂಡಿದ್ದೀರಿ ತಾನೆ?” ಎಂದು. ಬರೆದುಕೊಂಡಿದ್ದೇನೆ, ಮೊದಲನೇ ಸಾಲಿನಲ್ಲೇ ಇದೆ.